ಒಂದನೇ ನಂಬರಿನ ಹಾಡು: ಎಣಿಸಿದವರು ಯಾರು?



ಬುಧವಾರ ರಾತ್ರಿ ಎಂಟು ಗಂಟೆಗೆ ರೇಡಿಯೊ ಸಿಲೋನ್ ಹಾಕಿಕೊಂಡು ಕೂರುತ್ತಿದ್ದ ತಲೆಮಾರೊಂದು ನಮ್ಮಲ್ಲಿತ್ತು. ಅಮೀನ್ ಸಯಾನಿ ಅವರ ಬಿನಾಕಾ ಗೀತ್‌ಮಾಲಾ 1952ರಲ್ಲಿ ಆರಂಭವಾಯಿತು. ಈ ವಾರ ಯಾವ ಹಾಡು ಯಾವ ಮೆಟ್ಟಿಲೇರಿತು, ಯಾವುದು ಜಾರಿತು ಎಂಬುದರ ಮೇಲೆ ಮರುದಿನ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ವಾದಗಳಾಗುತ್ತಿದ್ದವು. ರೆಕಾರ್ಡ್ ಅಂಗಡಿಗಳಿಂದ ಬಂದ ವರದಿ ಮತ್ತು ಶ್ರೋತೃಗಳ ಸಂಘಗಳು ಬರೆದ ಪತ್ರ ಇವೇ ಆ ಪಟ್ಟಿಗೆ ಆಧಾರ. ಯಾವ ಅಂಗಡಿ, ಯಾವ ಸಂಘ ಎಂದು ಕೇಳಿದವರು ಕಡಿಮೆ. ಸಯಾನಿ ಅವರ ದನಿಯಲ್ಲಿ ಬಂದ ಮೇಲೆ ಅದು ವೇದವಾಕ್ಯ!

ಅಮೆರಿಕದಲ್ಲಿಯೂ ದಶಕಗಳ ಕಾಲ ಸ್ಥಿತಿ ಹೆಚ್ಚುಕಡಿಮೆ ಹೀಗೆಯೇ ಇತ್ತು ಎಂದರೆ ಆಶ್ಚರ್ಯವಾಗಬಹುದು. ಕೋಟಿಗಟ್ಟಲೆ ಡಾಲರಿನ ವ್ಯಾಪಾರ, ಜಗತ್ತೇ ನಂಬುವ ಪಟ್ಟಿ, ಅದರ ಬುಡದಲ್ಲಿ ಮಾತ್ರ ಬಾಯಿಮಾತಿನ ಲೆಕ್ಕ. ಆ ಲೆಕ್ಕ ಬದಲಾದದ್ದು 1991ರಲ್ಲಿ. ಉಪಗ್ರಹ ವಾಹಿನಿಯ ಮೂಲಕ ಎಂಟಿವಿ ನಮ್ಮ ಮನೆಗಳಿಗೆ ಬಂದದ್ದೂ ಅದೇ ವರ್ಷ. ಮೈಕೆಲ್ ಜಾಕ್ಸನ್, ಬ್ರಯಾನ್ ಆಡಮ್ಸ್, ವಿಟ್ನಿ ಹ್ಯೂಸ್ಟನ್ ಅವರ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಸವೆಯುವಷ್ಟು ಕೇಳಿದ ಹುಡುಗ ಹುಡುಗಿಯರಿಗೆ, ಆ ಹಾಡುಗಳು ಮೊದಲ ಸ್ಥಾನಕ್ಕೆ ಬಂದ ದಾರಿಯೇ ಆಗ ಬದಲಾಗುತ್ತಿತ್ತು ಎಂಬುದು ತಿಳಿದಿರಲಿಲ್ಲ. ತೊಂಬತ್ತರ ದಶಕದ ಮೊದಲ ಐದು ವರ್ಷಗಳ ಆ ಜನಪ್ರಿಯ ಗೀತೆಗಳನ್ನು ಹಿಂತಿರುಗಿ ನೋಡುವಾಗ, ಹಾಡಿನಷ್ಟೇ ಕುತೂಹಲದ ವಿಷಯ ಈ ಎಣಿಕೆ.

ಅಮೆರಿಕದ ‘ಬಿಲ್‌ಬೋರ್ಡ್’ ಆಗ ಸಂಗೀತ ವ್ಯಾಪಾರಿಗಳ ವಾರಪತ್ರಿಕೆಯಾಗಿತ್ತು. ಬಿಡಿ ಹಾಡುಗಳಿಗಾಗಿ ಅದು ‘ಹಾಟ್ 100’ ಎಂಬ ಪಟ್ಟಿಯನ್ನು 1958ರ ಆಗಸ್ಟ್‌ನಲ್ಲಿ ಶುರು ಮಾಡಿತು. ಆಲ್ಬಂಗಳಿಗೆ, ಅಂದರೆ ಹತ್ತು ಹನ್ನೆರಡು ಹಾಡುಗಳ ಗುಚ್ಛಗಳಿಗೆ, ಬೇರೊಂದು ಪಟ್ಟಿ. ಆಲ್ಬಂ ಪಟ್ಟಿ ತಯಾರಾಗುತ್ತಿದ್ದ ಬಗೆ ಸರಳ. ಪತ್ರಿಕೆಯವರು ಆಯ್ದ ಅಂಗಡಿಗಳಿಗೆ ಫೋನ್ ಮಾಡುವುದು, ಈ ವಾರ ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ಕೇಳುವುದು, ಅಂಗಡಿಯವನು ಹೇಳಿದ ಕ್ರಮಕ್ಕೆ ಅಂಕ ಕೊಟ್ಟು ಕೂಡಿಸುವುದು. ಎಷ್ಟು ಪ್ರತಿ ಮಾರಾಟವಾಯಿತು ಎಂದು ಯಾರೂ ಎಣಿಸುತ್ತಿರಲಿಲ್ಲ. ಹಾಟ್ 100ಕ್ಕೆ ಅಂಗಡಿಗಳ ಜೊತೆಗೆ ರೇಡಿಯೊ ಕೇಂದ್ರಗಳೂ ತಾವು ಹಾಕುತ್ತಿರುವ ಹಾಡುಗಳ ಯಾದಿ ಕಳುಹಿಸುತ್ತಿದ್ದವು.

ಕೌಂಟರಿನ ಹಿಂದೆ ನಿಂತವನು ಯಾವಾಗಲೂ ಸುಳ್ಳು ಹೇಳುತ್ತಿದ್ದ ಎಂದಲ್ಲ. ಆದರೆ ಅವನಿಗೂ ರುಚಿ ಅರುಚಿ ಉಂಟು. ಇಪ್ಪತ್ತರ ಹರೆಯದ ರಾಕ್ ಸಂಗೀತದ ಹುಚ್ಚನೊಬ್ಬ ಗಲ್ಲಾದಲ್ಲಿ ಕುಳಿತಿದ್ದರೆ, ಹಳ್ಳಿಗಾಡಿನ ದಂಪತಿ ಬಂದು ಕೊಂಡೊಯ್ದ ‘ಕಂಟ್ರಿ’ ಹಾಡುಗಳ ಕ್ಯಾಸೆಟ್ ಅವನ ನೆನಪಿನಲ್ಲಿ ಉಳಿಯುವುದು ಕಷ್ಟ. ಇನ್ನು ರೆಕಾರ್ಡ್ ಕಂಪನಿಗಳ ಪ್ರಚಾರದವರು ಸುಮ್ಮನಿರುತ್ತಿದ್ದರೇ? ಉಚಿತ ಪ್ರತಿಗಳ ಪೆಟ್ಟಿಗೆ, ಸಂಗೀತ ಕಛೇರಿಯ ಟಿಕೆಟ್ಟು, ಹೀಗೆ ಅಂಗಡಿಯವರ ಕೈ ಬೆಚ್ಚಗಾಗುತ್ತಿತ್ತು. ವರದಿಯಲ್ಲಿ ಒಂದೆರಡು ಸ್ಥಾನ ಮೇಲೆ ಕೆಳಗೆ ಆಗುತ್ತಿತ್ತು. ಇದು ಆ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಮೈಕ್ ಶಾಲೆಟ್ ಮತ್ತು ಮೈಕ್ ಫೈನ್ ಎಂಬ ಇಬ್ಬರು ಕಟ್ಟಿದ ‘ಸೌಂಡ್‌ಸ್ಕ್ಯಾನ್’ ಸಂಸ್ಥೆ ಹೊಸ ವಿಧಾನವನ್ನು ಮುಂದಿಟ್ಟಿತು. ಪೇಸ್ಟು, ಬಿಸ್ಕತ್ತು ಪೊಟ್ಟಣಗಳ ಮೇಲಿರುವ ಕಪ್ಪು ಗೆರೆಗಳ ಬಾರ್‌ಕೋಡ್ ಅಮೆರಿಕದ ಅಂಗಡಿಗಳಲ್ಲಿ 1974ರಿಂದಲೂ ಬಳಕೆಯಲ್ಲಿತ್ತು. ಕ್ಯಾಸೆಟ್, ಸಿ.ಡಿ.ಗಳ ಮೇಲೂ ಆ ಗೆರೆಗಳು ಬಂದಿದ್ದವು. ಬಿಲ್ ಮಾಡುವಾಗ ಯಂತ್ರ ಹೇಗೂ ಅದನ್ನು ಓದುತ್ತದೆ. ಆ ಲೆಕ್ಕವನ್ನೇ ನೇರವಾಗಿ ಒಂದು ಕಡೆ ಕೂಡಿಹಾಕಿದರೆ ಯಾರ ಬಾಯಿಮಾತೂ ಬೇಕಿಲ್ಲ. ಬಿಲ್‌ಬೋರ್ಡ್ ಒಪ್ಪಿತು. 1991ರ ಮೇ 25ರ ಸಂಚಿಕೆಯಿಂದ ಆಲ್ಬಂ ಪಟ್ಟಿ ಯಂತ್ರದ ಲೆಕ್ಕಕ್ಕೆ ಬಂತು.

ನಂತರ ನಡೆದದ್ದು ಸಂಗೀತ ವ್ಯಾಪಾರಿಗಳನ್ನೇ ತಬ್ಬಿಬ್ಬುಗೊಳಿಸಿತು. ಕಂಟ್ರಿ ಹಾಡುಗಾರರ ಆಲ್ಬಂಗಳು ಒಂದೇ ವಾರದಲ್ಲಿ ಹತ್ತಾರು ಸ್ಥಾನ ಮೇಲಕ್ಕೆ ಜಿಗಿದವು. ಹಿಂದಿನ ವಾರಕ್ಕೂ ಈ ವಾರಕ್ಕೂ ಅಮೆರಿಕದ ಜನರ ಅಭಿರುಚಿ ಬದಲಾಗಿರಲಿಲ್ಲ, ಎಣಿಸುವ ಕೈ ಬದಲಾಗಿತ್ತು ಅಷ್ಟೆ. ಜೂನ್‌ನಲ್ಲಿ ಎನ್.ಡಬ್ಲ್ಯು.ಎ. ಎಂಬ ಲಾಸ್ ಏಂಜಲೀಸ್ ಕಡೆಯ ಕಪ್ಪು ಯುವಕರ ರ‍್ಯಾಪ್ ತಂಡದ ಆಲ್ಬಂ ನೇರವಾಗಿ ಎರಡನೇ ಸ್ಥಾನಕ್ಕೆ ಬಂದು, ಮರುವಾರವೇ ಒಂದನೇ ಸ್ಥಾನಕ್ಕೇರಿತು. (ಆ ಆಲ್ಬಮ್ಮಿನ ಹೆಸರು ಪತ್ರಿಕೆಯಲ್ಲಿ ಅಚ್ಚು ಮಾಡುವಂಥದ್ದಲ್ಲ.) ರೇಡಿಯೊದವರು ಆ ಹಾಡುಗಳನ್ನು ಮುಟ್ಟುತ್ತಲೇ ಇರಲಿಲ್ಲ. ಅದೇ ತಿಂಗಳು ಸ್ಕಿಡ್ ರೋ ಎಂಬ ಗಡಸು ರಾಕ್ ತಂಡ ಬಂದ ವಾರವೇ ಅಗ್ರಸ್ಥಾನ ಹಿಡಿಯಿತು. ಸೆಪ್ಟೆಂಬರಿನಲ್ಲಿ ಓಕ್ಲಹೋಮಾದ ಗಾರ್ತ್ ಬ್ರೂಕ್ಸ್ ಅವರ ‘ರೋಪಿನ್ ದಿ ವಿಂಡ್’ ಅದೇ ಸಾಧನೆ ಮಾಡಿತು. ಕಂಟ್ರಿ ಸಂಗೀತದ ಆಲ್ಬಂ ಒಂದು ಬಿಡುಗಡೆಯ ವಾರವೇ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು.

ನಗರದ ದೊಡ್ಡ ಕಂಪನಿಗಳ ಕಚೇರಿಗಳಲ್ಲಿ ಕುಳಿತವರ ಕಣ್ಣಿಗೆ ಇವರೆಲ್ಲ ಮೂಲೆಯ ಗಿರಾಕಿಗಳ ಹಾಡುಗಾರರು. ಹಳ್ಳಿಯವರು, ಕರಿಯರ ಕೇರಿಯ ಹುಡುಗರು, ಕೂದಲು ಬಿಟ್ಟ ಪಡ್ಡೆಗಳು. ಯಂತ್ರ ಮಾತ್ರ ಎಲ್ಲರ ಹಣವನ್ನೂ ಒಂದೇ ರೀತಿ ಎಣಿಸಿತು.

1992ರ ಜನವರಿ 11ರ ಪಟ್ಟಿ ಇನ್ನೂ ಪ್ರಸಿದ್ಧ. ಮೈಕೆಲ್ ಜಾಕ್ಸನ್ ಅವರ ‘ಡೇಂಜರಸ್’ ಅನ್ನು ಕೆಳಗಿಳಿಸಿ ಸಿಯಾಟಲ್ ಕಡೆಯ ನಿರ್ವಾಣ ಎಂಬ ಮೂವರ ತಂಡದ ‘ನೆವರ್‌ಮೈಂಡ್’ ಮೊದಲ ಸ್ಥಾನಕ್ಕೆ ಬಂತು. ಹಿಂದಿನ ಸೆಪ್ಟೆಂಬರಿನಲ್ಲಿ ಆ ಆಲ್ಬಂ ಬಿಡುಗಡೆಯಾದಾಗ ಕಂಪನಿ ಅಮೆರಿಕದ ಅಂಗಡಿಗಳಿಗೆ ಮೊದಲು ಕಳುಹಿಸಿದ್ದು ಐವತ್ತು ಸಾವಿರಕ್ಕೂ ಕಡಿಮೆ ಪ್ರತಿ. ಪಟ್ಟಿಯಲ್ಲಿ ಅದು ಮೊದಲು ಕಾಣಿಸಿಕೊಂಡದ್ದು 144ನೇ ಸ್ಥಾನದಲ್ಲಿ. ಕ್ರಿಸ್ಮಸ್‌ಗೆ ಅಪ್ಪ ಅಮ್ಮ ಉಡುಗೊರೆ ಕೊಟ್ಟ ಬೇರೆ ಆಲ್ಬಂಗಳನ್ನು ಮಕ್ಕಳು ಅಂಗಡಿಗೆ ಮರಳಿಸಿ ನಿರ್ವಾಣ ತೆಗೆದುಕೊಂಡರು ಎಂಬ ಒಂದು ಸ್ವಾರಸ್ಯಕರ ವಿವರಣೆ ಇದೆ. ಹಳೆಯ ಫೋನ್ ಪದ್ಧತಿ ಇದ್ದಿದ್ದರೆ ಜಾಕ್ಸನ್ ಅವರಂಥ ಘಟಾನುಘಟಿಯ ಮೇಲೆ ಈ ಮೂವರನ್ನು ಹೆಸರಿಸಲು ಎಷ್ಟು ಅಂಗಡಿಯವರಿಗೆ ಮನಸ್ಸು ಬರುತ್ತಿತ್ತೋ!

ಬಿಡಿ ಹಾಡುಗಳ ಪಟ್ಟಿಗೆ ಹೊಸ ಲೆಕ್ಕ ಬಂದದ್ದು ಆರು ತಿಂಗಳ ನಂತರ, 1991ರ ನವೆಂಬರ್ 30ರ ಸಂಚಿಕೆಯಿಂದ. ಮಾರಾಟಕ್ಕೆ ಬಾರ್‌ಕೋಡ್, ರೇಡಿಯೊಗೆ ಕಂಪ್ಯೂಟರ್. ಪ್ರತಿ ಹಾಡಿಗೂ ಬೆರಳಚ್ಚಿನಂಥ ಒಂದು ಧ್ವನಿಗುರುತು ಇರುತ್ತದೆ. ಕಂಪ್ಯೂಟರ್ ಹಗಲೂ ರಾತ್ರಿ ಕೇಂದ್ರಗಳ ಪ್ರಸಾರವನ್ನು ಆಲಿಸಿ, ಯಾವ ಹಾಡು ಎಷ್ಟು ಸಲ ಬಂತು ಎಂದು ತಾನೇ ಬರೆದಿಡುತ್ತದೆ. ಈ ಲೆಕ್ಕದಲ್ಲಿ ಮೊದಲು ಅಗ್ರಸ್ಥಾನಕ್ಕೆ ಬಂದದ್ದು ಪಿ.ಎಂ. ಡಾನ್ ಎಂಬ ಸಹೋದರರಿಬ್ಬರ ರ‍್ಯಾಪ್ ಗೀತೆ.

ಇಲ್ಲಿ ಇನ್ನೊಂದು ವಿಚಿತ್ರ ಬೆಳಕಿಗೆ ಬಂತು. ಜನ ಹಾಡನ್ನು ಅಷ್ಟು ಬೇಗ ಬಿಡುವುದಿಲ್ಲ! ಹಳೆಯ ಪದ್ಧತಿಯಲ್ಲಿ ರೇಡಿಯೊದವರೂ ಅಂಗಡಿಯವರೂ ಹೊಸ ಸರಕಿನ ಕಡೆಗೆ ವಾಲುತ್ತಿದ್ದುದರಿಂದ ಹಾಡುಗಳು ಬೇಗ ಏರಿ ಬೇಗ ಇಳಿಯುತ್ತಿದ್ದವು. 1990ರಲ್ಲಿ ಇಪ್ಪತ್ತೈದರ ಆಸುಪಾಸು ಹಾಡುಗಳು ಮೊದಲ ಸ್ಥಾನ ಕಂಡಿದ್ದವು. 1994ರಲ್ಲಿ ಆ ಸಂಖ್ಯೆ ಹತ್ತರ ಆಸುಪಾಸಿಗೆ ಇಳಿಯಿತು. ಹಾಟ್ 100ರ ಮೂವತ್ತು ವರ್ಷಗಳಲ್ಲಿ ಯಾವ ಹಾಡೂ ಹತ್ತು ವಾರಕ್ಕಿಂತ ಹೆಚ್ಚು ಅಗ್ರಸ್ಥಾನದಲ್ಲಿ ನಿಂತಿರಲಿಲ್ಲ. 1992ರಲ್ಲಿ ಬಾಯ್ಸ್ ಟು ಮೆನ್ ತಂಡದ ‘ಎಂಡ್ ಆಫ್ ದಿ ರೋಡ್’ ಹದಿಮೂರು ವಾರ ಕೂತಿತು. ಆ ದಾಖಲೆ ಕೆಲವೇ ತಿಂಗಳು ಬಾಳಿತು. ವಿಟ್ನಿ ಹ್ಯೂಸ್ಟನ್ ಅವರ ‘ಐ ವಿಲ್ ಆಲ್ವೇಸ್ ಲವ್ ಯು’ ಹದಿನಾಲ್ಕು ವಾರ ನಿಂತಿತು.

ಈ ಹಾಡಿನ ಹಿಂದಿನ ಕಥೆಗೆ ಸ್ವಲ್ಪ ಹೊತ್ತು ಕೊಡಬೇಕು. 1992ರ ‘ದಿ ಬಾಡಿಗಾರ್ಡ್’ ಚಿತ್ರದಿಂದ ಜಗತ್ತಿಗೆಲ್ಲ ಗೊತ್ತಾದ ಈ ಗೀತೆ ವಿಟ್ನಿ ಅವರದಲ್ಲ. ಬರೆದವರು ಟೆನೆಸ್ಸಿಯ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಕಂಟ್ರಿ ಗಾಯಕಿ ಡಾಲಿ ಪಾರ್ಟನ್. ತನಗೆ ಅವಕಾಶ ಕೊಟ್ಟು ಬೆಳೆಸಿದ ಹಿರಿಯ ಗಾಯಕ ಪೋರ್ಟರ್ ವ್ಯಾಗನರ್ ಅವರ ಕಾರ್ಯಕ್ರಮವನ್ನು ಬಿಟ್ಟು ಹೊರಡುವಾಗ, ಜಗಳದ ಬದಲು ಆಕೆ ಬರೆದುಕೊಟ್ಟ ವಿದಾಯ ಗೀತೆ ಅದು. ಪ್ರಣಯ ಗೀತೆ ಎಂದು ತಿಳಿದು ಮದುವೆ ಮನೆಗಳಲ್ಲಿ ಹಾಡಿಸಿದವರು ಇದನ್ನು ಗಮನಿಸಬೇಕು. 1974ರಲ್ಲಿ ಕಂಟ್ರಿ ಹಾಡುಗಳ ಪ್ರತ್ಯೇಕ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಎಲ್ವಿಸ್ ಪ್ರೆಸ್ಲಿ ಹಾಡಲು ಬಯಸಿದರು. ಆದರೆ ಅವರ ಮ್ಯಾನೇಜರ್ ಕರ್ನಲ್ ಪಾರ್ಕರ್ ಹಾಡಿನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ಡಾಲಿ ಕೊಡಲಿಲ್ಲ. ಎಲ್ವಿಸ್ ದನಿ ಕೈತಪ್ಪಿತಲ್ಲ ಎಂದು ರಾತ್ರಿಯಿಡೀ ಅತ್ತೆ ಎಂದು ಆಕೆಯೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಸುಮಾರು ಇಪ್ಪತ್ತು ವರ್ಷದ ನಂತರ ವಿಟ್ನಿ ಹಾಡಿದಾಗ, ಬರೆದವರಿಗೆ ಸಲ್ಲುವ ಗೌರವಧನದಲ್ಲಿ ಡಾಲಿ ಯಾರಿಗೂ ಅರ್ಧ ಪಾಲು ಕೊಡಬೇಕಾಗಿರಲಿಲ್ಲ.

ಇಂಗ್ಲೆಂಡಿನ ಮಾತು ಬೇರೆ. ಅಲ್ಲಿನ ಪಟ್ಟಿ 1952ರಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯವರು ಇಪ್ಪತ್ತರಷ್ಟು ಅಂಗಡಿಗಳಿಗೆ ಫೋನ್ ಮಾಡುವ ಮೂಲಕವೇ ಹುಟ್ಟಿತು. 1983ರಲ್ಲಿ ಗ್ಯಾಲಪ್ ಸಂಸ್ಥೆ ವಹಿಸಿಕೊಂಡ ಮೇಲೆ ಅಂಗಡಿಗಳಿಗೆ ಯಂತ್ರಗಳು ಬಂದವು. ಅಮೆರಿಕಕ್ಕಿಂತ ಮೊದಲೇ ಎಚ್ಚೆತ್ತ ದೇಶ. ಅಲ್ಲಿ ಬಿಡಿ ಹಾಡುಗಳ ಪಟ್ಟಿಗೆ ಆಗ ರೇಡಿಯೊ ಲೆಕ್ಕಕ್ಕಿರಲಿಲ್ಲ, ಮಾರಾಟ ಮಾತ್ರ. ‘ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್’ ಚಿತ್ರಕ್ಕೆ ಕೆನಡಾದ ಬ್ರಯಾನ್ ಆಡಮ್ಸ್ ಹಾಡಿದ ‘ಎವ್ರಿಥಿಂಗ್ ಐ ಡು’ 1991ರಲ್ಲಿ ಅಲ್ಲಿ ಸತತ ಹದಿನಾರು ವಾರ ಮೊದಲ ಸ್ಥಾನದಲ್ಲಿತ್ತು. ಬೇಸಿಗೆ ಕಳೆದು ಎಲೆ ಉದುರುವ ಕಾಲ ಬಂದರೂ ಅದು ಇಳಿಯಲಿಲ್ಲ. ಕೊನೆಗೆ ಐರ್ಲೆಂಡಿನ ಯು2 ತಂಡ ಅದನ್ನು ಕದಲಿಸಿತು. ಹಾಡು ಅಂಥ ಮಹಾಕೃತಿಯೇನಲ್ಲ. ಆದರೆ ಸಿನಿಮಾ ಮತ್ತು ಹಾಡು ಒಂದನ್ನೊಂದು ಹೊತ್ತು ಮೆರೆಸುವ ಈ ಉಪಾಯ ನಮ್ಮವರಿಗೆ ಅರ್ಥ ಮಾಡಿಸಬೇಕಾಗಿಲ್ಲ!

ಯಂತ್ರ ಬಂದರೂ ಅದು ಯಾವ ಅಂಗಡಿಯಲ್ಲಿದೆ ಎಂಬ ಪ್ರಶ್ನೆ ಉಳಿಯಿತು. ಬರ್ಮಿಂಗ್‌ಹ್ಯಾಂ, ಸೌತಾಲ್ ಕಡೆಯ ಪಂಜಾಬಿ ತಂಡಗಳ ಭಾಂಗ್ಡಾ ಕ್ಯಾಸೆಟ್ಟುಗಳು ಎಂಬತ್ತರ ದಶಕದಿಂದಲೂ ಸಾವಿರ ಸಾವಿರ ಸಂಖ್ಯೆಯಲ್ಲಿ ಹೋಗುತ್ತಿದ್ದವು. ಅವು ಮಾರಾಟವಾಗುತ್ತಿದ್ದದ್ದು ಬೇಳೆ, ಮಸಾಲೆ, ಸೀರೆ, ಸಿಹಿತಿಂಡಿ ಮಾರುವ ಭಾರತೀಯರ ಅಂಗಡಿಗಳಲ್ಲಿ, ಅದೂ ಅಗ್ಗದ ಬೆಲೆಗೆ. ಆ ಅಂಗಡಿಗಳು ಪಟ್ಟಿಗೆ ವರದಿ ಕೊಡುವ ಅಂಗಡಿಗಳಲ್ಲ. ಹೀಗಾಗಿ ಪ್ರತಿ ಶನಿವಾರ ಮದುವೆ ಮನೆಗಳಲ್ಲಿ ಇಡೀ ಸಮುದಾಯವೇ ಕುಣಿಯುತ್ತಿದ್ದ ಹಾಡುಗಳು ಇಂಗ್ಲೆಂಡಿನ ಅಧಿಕೃತ ಲೆಕ್ಕದಲ್ಲಿ ಹುಟ್ಟೇ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಬೆಳೆದ ಪಂಜಾಬಿ ಹುಡುಗ ಅಪಾಚೆ ಇಂಡಿಯನ್ 1993ರಲ್ಲಿ ‘ಬೂಮ್ ಶಾಕ್ ಅ ಲಾಕ್’ ಹಾಡಿನಿಂದ ಆ ಪಟ್ಟಿಯ ಐದನೇ ಸ್ಥಾನಕ್ಕೆ ಬಂದ. ಅವನ ಧಾಟಿ ಜಮೈಕಾದ ರೆಗೆ, ಕಂಪನಿ ದೊಡ್ಡದು, ರೆಕಾರ್ಡು ಸಿಕ್ಕಿದ್ದು ಪಟ್ಟಿಯ ಅಂಗಡಿಗಳಲ್ಲಿ. ಪ್ರತಿಭೆಯಲ್ಲಿ ಅವನಿಗೆ ಕಡಿಮೆ ಇರದ ಭಾಂಗ್ಡಾ ಗಾಯಕರು ಬೇಳೆ ಡಬ್ಬದ ಪಕ್ಕದಲ್ಲೇ ಉಳಿದರು.

ಎಣಿಕೆಯ ಮಾತು ಇಷ್ಟಾಯಿತು. ಎಣಿಸಿದ ಮೇಲೆ ಬರೆಯುವ ಹೆಸರಾದರೂ ಸರಿಯೇ ಎಂಬ ಪ್ರಶ್ನೆ ಎದ್ದದ್ದೂ ಇದೇ ವರ್ಷಗಳಲ್ಲಿ.

ಮಿಲಿ ವನಿಲಿ ಎಂಬ ಜೋಡಿ, ರಾಬ್ ಪಿಲಾಟಸ್ ಮತ್ತು ಫ್ಯಾಬ್ ಮೊರ್ವಾನ್, 1989ರಲ್ಲಿ ಅಮೆರಿಕದಲ್ಲಿ ಮೂರು ಹಾಡುಗಳನ್ನು ಮೊದಲ ಸ್ಥಾನಕ್ಕೆ ತಂದಿತ್ತು. 1990ರ ಫೆಬ್ರುವರಿಯಲ್ಲಿ ಹೊಸ ಕಲಾವಿದರಿಗೆ ಮೀಸಲಾದ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅದೇ ನವೆಂಬರಿನಲ್ಲಿ ಅವರ ಜರ್ಮನ್ ನಿರ್ಮಾಪಕ ಫ್ರಾಂಕ್ ಫೇರಿಯನ್ ಬಾಯಿಬಿಟ್ಟರು. ರೆಕಾರ್ಡಿನಲ್ಲಿ ಹಾಡಿದವರು ಈ ಇಬ್ಬರಲ್ಲ, ಬೇರೆಯವರು! ಪ್ರಶಸ್ತಿ ವಾಪಸಾಯಿತು. ಕೊಂಡವರು ನ್ಯಾಯಾಲಯಕ್ಕೆ ಹೋದರು, ಹಣದ ಒಂದು ಪಾಲು ಹಿಂತಿರುಗಿಸುವ ಒಪ್ಪಂದವಾಯಿತು. ನಿರ್ಮಾಪಕರು ಮುಂದೆಯೂ ಹಾಡು ಮಾಡಿಕೊಂಡಿದ್ದರು, ಬೈಗುಳವೆಲ್ಲ ತುಟಿಯಾಡಿಸಿದ ಹುಡುಗರ ಪಾಲಿಗೆ. ಪಿಲಾಟಸ್ 1998ರಲ್ಲಿ, ಇನ್ನೂ ಮೂವತ್ತರ ಹರೆಯದಲ್ಲಿಯೇ ತೀರಿಕೊಂಡ. ಅಂದ ಹಾಗೆ, ಇದೇ ಫೇರಿಯನ್ ಎಪ್ಪತ್ತರ ದಶಕದಲ್ಲಿ ನಮ್ಮಲ್ಲಿಯೂ ಮನೆಮಾತಾಗಿದ್ದ ಬೋನಿ ಎಂ ತಂಡವನ್ನು ಕಟ್ಟಿದವರು. ಆ ತಂಡದಲ್ಲಿ ಕುಣಿಯುತ್ತಿದ್ದ ಗಂಡಸಿನ ರೆಕಾರ್ಡಿನ ದನಿ ಫೇರಿಯನ್ ಅವರದೇ.

ಕನ್ನಡ ಸಿನಿಮಾ ನೋಡಿದವರಿಗೆ ಈ ಗದ್ದಲ ಮೊದಲು ಅರ್ಥವಾಗಲಿಕ್ಕಿಲ್ಲ. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ವರ್ಷಗಟ್ಟಲೆ ಹಾಡಿದರು. ಯಾರೂ ಮೋಸ ಹೋದೆವೆನ್ನಲಿಲ್ಲ. ವ್ಯತ್ಯಾಸ ಇರುವುದು ಹೆಸರಿನಲ್ಲಿ. ರೆಕಾರ್ಡಿನ ಮೇಲೆ ಪಿ.ಬಿ.ಎಸ್. ಹೆಸರಿತ್ತು. ನಮ್ಮಲ್ಲಿಯೂ ಅದು ತಾನಾಗಿ ಬಂದದ್ದಲ್ಲ. 1949ರ ‘ಮಹಲ್’ ಚಿತ್ರದಲ್ಲಿ ಲತಾ ಮಂಗೇಶ್ಕರ್ ಅವರಿಗೆ ಕೀರ್ತಿ ತಂದ ಗೀತೆಯ ರೆಕಾರ್ಡಿನ ಮೇಲೆ ಮೊದಲು ಅಚ್ಚಾದದ್ದು ಕಾಮಿನಿ ಎಂಬ ಪಾತ್ರದ ಹೆಸರು!

ಅಮೆರಿಕದಲ್ಲಿ ಈ ಹೆಸರಿನ ಹೋರಾಟ ಮಾಡಿದವರು ಮಾರ್ಥಾ ವಾಶ್ ಎಂಬ ಕಪ್ಪು ಗಾಯಕಿ. 1991ರ ಫೆಬ್ರುವರಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ಸಿ ಅಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿಯ ‘ಗಾನಾ ಮೇಕ್ ಯು ಸ್ವೆಟ್’ ಹಾಡಿನಲ್ಲಿ ಎಲ್ಲರನ್ನೂ ಕುಣಿಯಲು ಕರೆಯುವ ಆ ಎತ್ತರದ ಕೂಗು ಅವರದು. ವಿಡಿಯೊದಲ್ಲಿ ತುಟಿಯಾಡಿಸಿದವರು ತೆಳ್ಳಗಿನ ಬೇರೊಬ್ಬ ಯುವತಿ. ಬ್ಲ್ಯಾಕ್ ಬಾಕ್ಸ್ ಎಂಬ ಇಟಲಿಯ ತಂಡದ ಹಾಡುಗಳಲ್ಲಿಯೂ ಇದೇ ಕಥೆ, ಅಲ್ಲಿ ತೆರೆಯ ಮೇಲೆ ಫ್ರೆಂಚ್ ರೂಪದರ್ಶಿ. ದಪ್ಪ ಮೈಕಟ್ಟಿನ ಹೆಂಗಸು ವಿಡಿಯೊಗೆ ಒಗ್ಗುವುದಿಲ್ಲ ಎಂಬುದು ಆಗ ಕೇಳಿಬಂದ ಕಾರಣ. ದನಿ ಬೇಕು, ದೇಹ ಬೇಡ. ಮಾರ್ಥಾ ಮೊಕದ್ದಮೆ ಹೂಡಿದರು. ರಾಜಿ ಪಂಚಾಯಿತಿಯಲ್ಲಿ ಪರಿಹಾರವೂ ಹೆಸರೂ ಸಿಕ್ಕವು. ರೆಕಾರ್ಡಿನಲ್ಲಿ ಹಾಡಿದವರ ಹೆಸರನ್ನು ತಪ್ಪದೆ ನಮೂದಿಸುವ ರೂಢಿ ಬಲವಾದದ್ದು ಅಲ್ಲಿಂದ.

ಇಷ್ಟೆಲ್ಲ ಆದ ಮೇಲೆ ಪಟ್ಟಿ ಪರಿಶುದ್ಧವಾಯಿತೇ? ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ಕಡೆ ಇರುತ್ತಾರೆ. ಅಂಗಡಿಯವನ ಬಾಯಿ ಕೊಳ್ಳಲಾಗದ ಕಂಪನಿಗಳು ಯಂತ್ರದ ಲೆಕ್ಕವನ್ನೇ ಅಭ್ಯಾಸ ಮಾಡಿದವು.

ಬಿಡಿ ಹಾಡಿನ ಕ್ಯಾಸೆಟ್ಟಿಗೆ ಮೂರು ನಾಲ್ಕು ಡಾಲರ್, ಇಡೀ ಆಲ್ಬಮ್ಮಿನ ಸಿ.ಡಿ.ಗೆ ಹದಿನೈದರ ಹತ್ತಿರ. ಬಿಡಿ ಹಾಡನ್ನು ಅಂಗಡಿಗೆ ಕೊಡದೆ ರೇಡಿಯೊದಲ್ಲಿ ಮಾತ್ರ ಕೇಳಿಸಿದರೆ, ಹುಚ್ಚು ಹಿಡಿದವರು ಆಲ್ಬಂ ಕೊಳ್ಳದೆ ಗತಿಯಿಲ್ಲ. ದಾರಿ ತೋರಿದ್ದು 1990. ಎಂ.ಸಿ. ಹ್ಯಾಮರ್ ಅವರ ‘ಯು ಕಾಂಟ್ ಟಚ್ ದಿಸ್’ ಗೀತೆಯನ್ನು ದೊಡ್ಡ ಗಾತ್ರದ ಗ್ರಾಮಫೋನ್ ತಟ್ಟೆಯಲ್ಲಿ ಮಾತ್ರ ಬಿಟ್ಟರು. ಹಾಡು ಎಂಟನೇ ಸ್ಥಾನದಲ್ಲಿ ನಿಂತಿತು, ಆಲ್ಬಂ ಇಪ್ಪತ್ತೊಂದು ವಾರ ಅಗ್ರಸ್ಥಾನದಲ್ಲಿ ಮೆರೆಯಿತು. (ಆ ಹಣವೆಲ್ಲ ಕರಗಿ ಹ್ಯಾಮರ್ 1996ರಲ್ಲಿ ದಿವಾಳಿ ಅರ್ಜಿ ಹಾಕಿದ್ದು ಬೇರೆ ಕಥೆ.) ಅದೇ ನವೆಂಬರಿನಲ್ಲಿ ವನಿಲಾ ಐಸ್ ಎಂಬ ಬಿಳಿಯ ಹುಡುಗನ ‘ಐಸ್ ಐಸ್ ಬೇಬಿ’ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಬಂದ ಮೊದಲ ಹಿಪ್‌ಹಾಪ್ ಗೀತೆಯಾಯಿತು. ಕಂಪನಿ ಅದರ ಬಿಡಿ ಕ್ಯಾಸೆಟ್ಟನ್ನೇ ಹಿಂತೆಗೆಯಿತು. ಹಾಡು ಒಂದೇ ವಾರಕ್ಕೆ ಇಳಿಯಿತು, ಆಲ್ಬಂ ಹದಿನಾರು ವಾರ ಮೇಲೆ ಕೂತಿತು. ಆ ಹಾಡಿನ ಆಧಾರವಾದ ಗಿಟಾರಿನ ಎಳೆಯಂತೂ ಕ್ವೀನ್ ತಂಡ ಮತ್ತು ಡೇವಿಡ್ ಬೋವಿ ಅವರ 1981ರ ಗೀತೆಯದು. ಅದೇ ಧಾಟಿ ಮುಂಬೈಗೆ ಬಂದು 1992ರಲ್ಲಿ ಬಾಬಾ ಸೆಹಗಲ್ ಅವರ ‘ಠಂಡಾ ಠಂಡಾ ಪಾನಿ’ಯಾಗಿ ನಮ್ಮ ಬಸ್ಸುಗಳಲ್ಲಿಯೂ ಮೊಳಗಿತು. ಇಲ್ಲಿ ಎಷ್ಟು ಕ್ಯಾಸೆಟ್ ಖರ್ಚಾಯಿತು ಎನ್ನುವುದಕ್ಕೆ ಕಂಪನಿ ಹೇಳಿದ್ದೇ ಲೆಕ್ಕ. ಪಾದಚಾರಿ ಮಾರ್ಗದ ಮೇಲೆ ಹರಡಿದ ನಕಲಿ ಕ್ಯಾಸೆಟ್ಟುಗಳನ್ನು ಯಾವ ಯಂತ್ರ ಎಣಿಸಬೇಕು?

ತೊಂಬತ್ತರ ದಶಕ ಮುಂದುವರಿದಂತೆ ಅಮೆರಿಕದಲ್ಲಿ ಈ ಆಟ ವಿಪರೀತಕ್ಕೆ ಹೋಯಿತು. ಒಂದು ಕಡೆ, ಬಿಡಿ ಹಾಡನ್ನು ಚಿಲ್ಲರೆ ಕಾಸಿಗೆ ಮಾರಿ ಮೊದಲ ವಾರವೇ ಮೇಲಕ್ಕೆ ತಳ್ಳುವುದು. ಇನ್ನೊಂದು ಕಡೆ, ಬಿಡಿ ಹಾಡನ್ನೇ ಬಿಡದಿರುವುದು. ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಹಾಡಿಗೆ ಹಾಟ್ 100ರಲ್ಲಿ ಪ್ರವೇಶವಿಲ್ಲ ಎಂಬುದು ಆಗಿನ ನಿಯಮ. ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’ 1996-97ರಲ್ಲಿ ರೇಡಿಯೊ ಪಟ್ಟಿಯಲ್ಲಿ ಹದಿನಾರು ವಾರ ಮೊದಲ ಸ್ಥಾನದಲ್ಲಿತ್ತು. ಹಾಟ್ 100ರ ನೂರು ಹೆಸರುಗಳಲ್ಲಿ ಒಂದು ವಾರವೂ ಅದು ಇರಲಿಲ್ಲ. ಬಿಲ್‌ಬೋರ್ಡ್ ಸೋತು 1998ರ ಡಿಸೆಂಬರಿನಲ್ಲಿ ನಿಯಮ ಸಡಿಲಿಸಿತು.

ಹೀಗೆ ಪಟ್ಟಿಯ ಹೊರಗೆ ಉಳಿದವುಗಳಲ್ಲಿ ಮರೈಯಾ ಕ್ಯಾರಿ ಅವರ ಒಂದು ಕ್ರಿಸ್ಮಸ್ ಗೀತೆಯೂ ಇತ್ತು, ‘ಆಲ್ ಐ ವಾಂಟ್ ಫಾರ್ ಕ್ರಿಸ್ಮಸ್ ಈಸ್ ಯು’. 1994ರಲ್ಲಿ ಅಮೆರಿಕದ ರೇಡಿಯೊಗಳಲ್ಲೆಲ್ಲ ಕೇಳಿಬಂದ ಅದನ್ನು ಕಂಪನಿ ಬಿಡಿಯಾಗಿ ಮಾರಲಿಲ್ಲ, ಆದ್ದರಿಂದ ಲೆಕ್ಕಕ್ಕೆ ಸಿಗಲಿಲ್ಲ. ನಿಯಮ ಸಡಿಲವಾದ ಮೇಲೆ 2000ದ ಜನವರಿಯಲ್ಲಿ ಅದು ಹಾಟ್ 100ರ ಕೆಳಗಿನ ಮೆಟ್ಟಿಲಲ್ಲಿ ಮೊದಲ ಬಾರಿ ಕಾಣಿಸಿಕೊಂಡಿತು. ಆಮೇಲೆ ಕ್ಯಾಸೆಟ್ ಹೋಯಿತು, ಸಿ.ಡಿ. ಹೋಯಿತು, ಅಂತರಜಾಲದಲ್ಲಿ ಜನ ಹಾಡನ್ನು ಎಷ್ಟು ಸಲ ಕೇಳುತ್ತಾರೆ ಎಂಬುದೂ ಲೆಕ್ಕಕ್ಕೆ ಸೇರಿತು. ಡಿಸೆಂಬರ್ ಬಂದಾಗಲೆಲ್ಲ ಆ ಹಾಡು ಮೆಟ್ಟಿಲು ಏರುತ್ತಾ ಹೋಯಿತು. ಅದು ಮೊದಲ ಸ್ಥಾನ ತಲುಪಿದ್ದು 2019ರ ಡಿಸೆಂಬರಿನಲ್ಲಿ, ಬಿಡುಗಡೆಯಾಗಿ ಇಪ್ಪತ್ತೈದು ವರ್ಷಗಳ ನಂತರ.